ಅಡ್ರಿನಲ್ ಕೊರತೆ ಮತ್ತು ದಿನನಿತ್ಯದ ಸ್ಟೀರಾಯ್ಡ್ ಮಾತ್ರೆ: ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ರಿನಲ್ ಕೊರತೆ ಅಂದರೆ ಏನು? ಕಿಡ್ನಿ ಕಾಯಿಲೆಯೇ?

ಅಲ್ಲ. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಸಣ್ಣ ಗ್ರಂಥಿ ಕೂತಿರುತ್ತದೆ, ಅದೇ ಅಡ್ರಿನಲ್. ಜಾಗ ಕಿಡ್ನಿಯ ಪಕ್ಕದ್ದಾದರೂ ಕೆಲಸ ಬೇರೆ. ಕಾರ್ಟಿಸಾಲ್ ಎಂಬ ಹಾರ್ಮೋನು ಅಲ್ಲಿಂದ ಬರುತ್ತದೆ. ಬಿಪಿ ಬೀಳದಂತೆ, ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ಜ್ವರ, ಏಟು, ಆಪರೇಷನ್ ಬಂದಾಗ ದೇಹ ತಡೆದುಕೊಳ್ಳುವಂತೆ ಮಾಡುವುದು ಅದರ ಕೆಲಸ. ಅದೇ ಗ್ರಂಥಿಯಿಂದ ಬರುವ ಆಲ್ಡೋಸ್ಟೆರೋನ್ ದೇಹದಲ್ಲಿ ಉಪ್ಪನ್ನು ಹಿಡಿದಿಡುತ್ತದೆ.

ಗ್ರಂಥಿಯೇ ಹಾಳಾಗಿದ್ದರೆ ಎರಡೂ ಹಾರ್ಮೋನು ಕಡಿಮೆಯಾಗುತ್ತವೆ. ಇದು ಪ್ರೈಮರಿ ಕೊರತೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದ್ದರಿಂದ ಅಡಿಸನ್ ಕಾಯಿಲೆ ಎಂಬ ಹೆಸರೂ ಇದೆ. ಗ್ರಂಥಿ ಸರಿಯಾಗಿದ್ದು, ಅದಕ್ಕೆ ಮೆದುಳಿನ ಬುಡದ ಪಿಟ್ಯುಟರಿಯಿಂದ ಬರಬೇಕಾದ ಸಂದೇಶ ನಿಂತಿದ್ದರೆ ಸೆಕೆಂಡರಿ. ಸೆಕೆಂಡರಿಯಲ್ಲಿ ಉಪ್ಪಿನ ಹಾರ್ಮೋನು ಉಳಿದಿರುತ್ತದೆ, ಆದ್ದರಿಂದ ಅದರ ಬದಲಿಗೆ ಕೊಡುವ ಫ್ಲುಡ್ರೋಕಾರ್ಟಿಸೋನ್ ಮಾತ್ರೆ ಬೇಕಾಗುವುದಿಲ್ಲ. ನಿಮ್ಮದು ಯಾವುದು ಎಂದು ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಇದು ಯಾಕೆ ಬರುತ್ತದೆ?

ಪ್ರೈಮರಿಗೆ ಮುಖ್ಯ ಕಾರಣ ಎರಡು. ದೇಹದ ರೋಗನಿರೋಧಕ ಶಕ್ತಿಯೇ ತನ್ನ ಗ್ರಂಥಿಯನ್ನು ಹಾಳುಮಾಡುವುದು ಒಂದು, ಕ್ಷಯ ಇನ್ನೊಂದು. ಶ್ರೀಮಂತ ದೇಶಗಳಲ್ಲಿ ಮೊದಲನೆಯದೇ ಜಾಸ್ತಿ, ನಮ್ಮಲ್ಲಿ ಟಿಬಿಯನ್ನು ಇನ್ನೂ ಮರೆಯುವಂತಿಲ್ಲ. ಟಿಬಿ ಗುಣವಾದರೂ ಸತ್ತ ಗ್ರಂಥಿ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. "ಟಿಬಿ ಕೋರ್ಸ್ ಮುಗಿಯಿತಲ್ಲ, ಇನ್ನು ಈ ಮಾತ್ರೆ ಯಾಕೆ" ಎನ್ನುವವರಿಗೆ ಉತ್ತರ ಇದೇ. ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕಿನಿಂದಲೂ ಬರುತ್ತದೆ.

ಸೆಕೆಂಡರಿಯಲ್ಲಿ ಪಿಟ್ಯುಟರಿ ಗಡ್ಡೆ, ಅದರ ಆಪರೇಷನ್, ರೇಡಿಯೇಷನ್ ಮಾಮೂಲಿ ಕಾರಣಗಳು. ನಮ್ಮ ಕಡೆಯವರು ಗಮನದಲ್ಲಿಡಬೇಕಾದವು ಇನ್ನೆರಡಿವೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿ ಒಣಗುವುದು: ಬಾಣಂತಿಗೆ ಹಾಲು ಬರುವುದಿಲ್ಲ, ಮುಟ್ಟು ಮತ್ತೆ ಶುರುವಾಗುವುದಿಲ್ಲ, ವರ್ಷಗಳ ಮೇಲೆ ಸೋಡಿಯಂ ಬಿದ್ದು ಮಂಪರಿನಲ್ಲಿ ಆಸ್ಪತ್ರೆ ಸೇರುತ್ತಾರೆ. ಅಷ್ಟೂ ವರ್ಷ ಅದನ್ನು ರಕ್ತಹೀನತೆ ಎಂದುಕೊಂಡು ಟಾನಿಕ್ ಕುಡಿಸಿರುತ್ತಾರೆ. ಎರಡನೆಯದು ಕೊಳಕುಮಂಡಲದ ಕಡಿತ. ಕಬ್ಬು, ಭತ್ತದ ಗದ್ದೆಯಲ್ಲಿ ಕಡಿಸಿಕೊಂಡು, ಕಿಡ್ನಿಗೆ ಪೆಟ್ಟಾಗಿ ಡಯಾಲಿಸಿಸ್ ವರೆಗೆ ಹೋಗಿ ಬದುಕಿದವರಲ್ಲಿ ಕೆಲವರಿಗೆ ತಿಂಗಳುಗಳ ಅಥವಾ ವರ್ಷಗಳ ನಂತರ ಪಿಟ್ಯುಟರಿ ಕೆಲಸ ನಿಲ್ಲಿಸಿರುವುದು ಗೊತ್ತಾಗುತ್ತದೆ. ಹಾವು ಕಡಿದ ಹಳೇ ಸಂಗತಿಯನ್ನು ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಮೂರನೆಯ ಬಗೆ, ಬೇರೆ ಕಾಯಿಲೆಗೆ ಸ್ಟೀರಾಯ್ಡ್ ನುಂಗಿ ನುಂಗಿ ಸ್ವಂತ ಗ್ರಂಥಿ ಮಲಗಿಬಿಟ್ಟಿರುವುದು. ಅದರ ಬಗ್ಗೆ ಕೆಳಗೆ ಬೇರೆಯಾಗಿ ಬರೆದಿದೆ.

ಅಂಗೈ ಗೆರೆ, ವಸಡು, ಮುಖ ಕಪ್ಪಾಗುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಪ್ರೈಮರಿಯಲ್ಲಿ ಇದೆ. ಗ್ರಂಥಿಯನ್ನು ಎಬ್ಬಿಸಲು ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ಸುರಿಯುತ್ತದೆ, ಅದು ಚರ್ಮದ ಬಣ್ಣದ ಕಣಗಳನ್ನೂ ಕೆಣಕುತ್ತದೆ. ಬಿಸಿಲಿಗೆ ಕಪ್ಪಾಗುವುದು ಮುಖ, ತೋಳು. ಇದರಲ್ಲಿ ಬಿಸಿಲೇ ಬೀಳದ ವಸಡು, ಅಂಗೈ ಗೆರೆ, ಬೆರಳ ಗಿಣ್ಣು, ಹಳೇ ಗಾಯದ ಕಲೆ ಕಪ್ಪಾಗುತ್ತವೆ. ಜೊತೆಗೆ ತೂಕ ಇಳಿಯುವುದು, ಉಪ್ಪು ತಿನ್ನುವ ಆಸೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಇದ್ದರೆ ಕ್ರೀಮು ಹಚ್ಚುತ್ತಾ ಕೂರಬೇಡಿ. ಸೆಕೆಂಡರಿಯಲ್ಲಿ ಬಣ್ಣ ಕಪ್ಪಾಗುವುದಿಲ್ಲ.

ಯಾವ ಪರೀಕ್ಷೆಯಿಂದ ಗೊತ್ತಾಗುತ್ತದೆ?

ಬೆಳಗ್ಗೆ 8 ಗಂಟೆ ಸುಮಾರಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ನೋಡುತ್ತಾರೆ. ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಬಹುತೇಕ ಖಚಿತ. 15ರಿಂದ 18ಕ್ಕಿಂತ ಮೇಲಿದ್ದರೆ ಬಹುತೇಕ ಇಲ್ಲ. ನಡುವೆ ಇದ್ದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಮತ್ತೆ ರಕ್ತ ತೆಗೆಯುವ ಪರೀಕ್ಷೆ ಬೇಕು. ಸಂಜೆ ತೆಗೆದ ಸ್ಯಾಂಪಲ್ ಆದರೆ ಈ ಲೆಕ್ಕ ಅನ್ವಯಿಸುವುದಿಲ್ಲ, ಸಂಜೆಗೆ ಎಲ್ಲರಲ್ಲೂ ಅದು ಇಳಿದಿರುತ್ತದೆ. ಎಸಿಟಿಎಚ್ ಸ್ಯಾಂಪಲನ್ನು ಐಸ್‌ನಲ್ಲಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಊರಿನ ಕಲೆಕ್ಷನ್ ಸೆಂಟರಿನಲ್ಲಿ ಕೊಟ್ಟು ಅದು ಮಧ್ಯಾಹ್ನದ ಗಾಡಿಯಲ್ಲಿ ಹೋದರೆ ಸುಳ್ಳು ಕಡಿಮೆ ಸಂಖ್ಯೆ ಬರುತ್ತದೆ. ಈ ಒಂದು ಪರೀಕ್ಷೆಯನ್ನು ಲ್ಯಾಬ್ ಇರುವ ಆಸ್ಪತ್ರೆಯಲ್ಲೇ ಕೊಡುವುದು ಒಳ್ಳೆಯದು.

ಒಂದು ಎಚ್ಚರಿಕೆ: ಬಿಪಿ ಬಿದ್ದು ತೀರಾ ಹುಷಾರಿಲ್ಲದವರಿಗೆ ರಿಪೋರ್ಟ್ ಬರಲಿ ಎಂದು ಕಾಯಬಾರದು. ರಕ್ತ ತೆಗೆದಿಟ್ಟು ಇಂಜೆಕ್ಷನ್ ಕೊಡುವುದೇ ಸರಿಯಾದ ಕ್ರಮ.

ಸ್ಟೀರಾಯ್ಡ್ ಕೆಟ್ಟದ್ದು, ಬಿಟ್ಟುಬಿಡು ಅಂತ ಎಲ್ಲರೂ ಹೇಳುತ್ತಾರೆ. ಜೀವನಪೂರ್ತಿ ತೆಗೆದುಕೊಳ್ಳಬೇಕೇ?

ಪ್ರೈಮರಿಯಲ್ಲಿ ಹೌದು. ಪಿಟ್ಯುಟರಿ ಹಾಳಾದವರಲ್ಲೂ ಸಾಮಾನ್ಯವಾಗಿ ಹೌದು.

ಸ್ಟೀರಾಯ್ಡ್‌ಗೆ ಕೆಟ್ಟ ಹೆಸರು ಬಂದಿರುವುದು ಕಾರಣವಿಲ್ಲದೆ ಅಲ್ಲ. ದೇಹಕ್ಕೆ ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಡೋಸನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ನೀವು ತೆಗೆದುಕೊಳ್ಳುವುದು ಆ ಲೆಕ್ಕದ ಡೋಸ್ ಅಲ್ಲ. ಆರೋಗ್ಯವಂತರ ಗ್ರಂಥಿ ದಿನವೂ ತಯಾರಿಸುವಷ್ಟನ್ನೇ ಮಾತ್ರೆಯ ರೂಪದಲ್ಲಿ ತುಂಬಿಕೊಡುವುದು, ಥೈರಾಯ್ಡ್ ಇಲ್ಲದವರು ಥೈರಾಕ್ಸಿನ್ ನುಂಗುವ ಹಾಗೆ. ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಪ್ಪನೋ ಪಕ್ಕದ ಮನೆಯ ಆಂಟಿಯೋ ಹೇಳಿದರು ಎಂದು ಮಾತ್ರೆ ನಿಲ್ಲಿಸಿ ತುರ್ತು ಚಿಕಿತ್ಸಾ ಘಟಕ ಸೇರಿದವರು ಈ ಕಾಯಿಲೆಯಲ್ಲಿ ಕಡಿಮೆಯೇನಿಲ್ಲ. ಬಿಟ್ಟುಬಿಡು ಎನ್ನುವವರಿಗೆ ವಿವರಿಸುವಷ್ಟು ತಾಳ್ಮೆ ಇಲ್ಲದಿದ್ದರೆ "ಹಾರ್ಮೋನ್ ಮಾತ್ರೆ" ಎಂದು ಹೇಳಿ ಮುಗಿಸಿ. ಅದು ಸುಳ್ಳೂ ಅಲ್ಲ. ಆಸ್ಪತ್ರೆಯಲ್ಲಿ ಮಾತ್ರ "ಸ್ಟೀರಾಯ್ಡ್" ಎಂದೇ ಹೇಳಿ.

ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿಗೆ?

ದೊಡ್ಡವರಿಗೆ, ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ದಿನಕ್ಕೆ ಒಟ್ಟು 15ರಿಂದ 25 ಮಿಲಿಗ್ರಾಂ, ಎರಡು ಅಥವಾ ಮೂರು ಹೊತ್ತಾಗಿ. ಉದಾಹರಣೆಗೆ ಎದ್ದ ಕೂಡಲೇ 10, ಮಧ್ಯಾಹ್ನ ಊಟದ ಹೊತ್ತಿಗೆ 5, ಸಂಜೆ ನಾಲ್ಕೈದಕ್ಕೆ 2.5 ಅಥವಾ 5. ಬೆಳಗಿನ ಡೋಸ್ ದೊಡ್ಡದಿರಬೇಕು, ಏಕೆಂದರೆ ಸಹಜವಾದ ಕಾರ್ಟಿಸಾಲ್ ಕೂಡ ಬೆಳಗಿನ ಜಾವ ಏರಿ ರಾತ್ರಿಗೆ ಇಳಿಯುತ್ತದೆ. ಹಾಸಿಗೆಯ ಪಕ್ಕದಲ್ಲೇ ಮಾತ್ರೆ, ನೀರು ಇಟ್ಟುಕೊಂಡು ಎದ್ದ ತಕ್ಷಣ ನುಂಗಿದರೆ ಬೆಳಗಿನ ನಿತ್ರಾಣ ಬಹಳ ತಗ್ಗುತ್ತದೆ. ಕೊನೆಯ ಡೋಸ್ ರಾತ್ರಿ ತಡವಾಗಿ ತೆಗೆದುಕೊಂಡರೆ ನಿದ್ದೆ ಬರುವುದಿಲ್ಲ.

ಮೂರು ಹೊತ್ತು ನೆನಪಿಡಲು ಆಗದವರಿಗೆ, ಹೈಡ್ರೋಕಾರ್ಟಿಸೋನ್ ಸುಲಭವಾಗಿ ಸಿಗದ ಊರಿನವರಿಗೆ ಪ್ರೆಡ್ನಿಸೋಲೋನ್ 3ರಿಂದ 5 ಮಿಲಿಗ್ರಾಂ ದಿನಕ್ಕೊಮ್ಮೆ ಅಥವಾ ಎರಡು ಸಲ ಕೊಡುತ್ತಾರೆ. ಅಗ್ಗ, ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ. ಬೆಳೆಯುವ ಮಕ್ಕಳಿಗೆ ಮಾತ್ರ ಹೈಡ್ರೋಕಾರ್ಟಿಸೋನೇ ಬೇಕು, ಪ್ರೆಡ್ನಿಸೋಲೋನ್ ಎತ್ತರವನ್ನು ತಡೆಯುತ್ತದೆ.

ಪ್ರೈಮರಿಯವರಿಗೆ ಇದರ ಮೇಲೆ ಫ್ಲುಡ್ರೋಕಾರ್ಟಿಸೋನ್ 50ರಿಂದ 200 ಮೈಕ್ರೋಗ್ರಾಂ ಬೆಳಗ್ಗೆ ಒಂದು ಸಲ. ಹೆಚ್ಚಿನವರಿಗೆ 100ರ ಒಂದು ಮಾತ್ರೆ ಸಾಕಾಗುತ್ತದೆ. ಮೈಕ್ರೋಗ್ರಾಂ, ಮಿಲಿಗ್ರಾಂ ಗೊಂದಲ ಬೇಡ: 100 ಮೈಕ್ರೋಗ್ರಾಂ ಅಂದರೆ 0.1 ಮಿಲಿಗ್ರಾಂ.

ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿಯಂತಹ ಕೆಲಸ ಇದ್ದರೆ ಗಡಿಯಾರ ನೋಡಬೇಡಿ, ನೀವು ಏಳುವ ಹೊತ್ತನ್ನೇ ಬೆಳಗ್ಗೆ ಎಂದು ಲೆಕ್ಕ ಹಾಕಿ ದೊಡ್ಡ ಡೋಸ್ ಆಗ ತೆಗೆದುಕೊಳ್ಳಿ.

ಒಂದು ಹೊತ್ತು ಮರೆತರೆ?

ನೆನಪಾದ ಕೂಡಲೇ ನುಂಗಿ. ಮುಂದಿನ ಡೋಸಿನ ಹೊತ್ತೇ ಆಗಿಬಿಟ್ಟಿದ್ದರೆ ಆಗಿನದನ್ನು ತೆಗೆದುಕೊಂಡು ಮುಂದುವರಿಯಿರಿ. ತಪ್ಪಿ ಎರಡು ಸಲ ನುಂಗಿದರೂ ಗಾಬರಿ ಬೇಡ, ಒಂದು ದಿನದ ಹೆಚ್ಚು ಡೋಸಿನಿಂದ ಏನೂ ಆಗುವುದಿಲ್ಲ. ಇಡೀ ಒಂದು ದಿನ ಮಾತ್ರೆ ಇಲ್ಲದೆ ಕಳೆಯುವುದು ಮಾತ್ರ ಅಪಾಯ.

ಜ್ವರ ಬಂದರೆ ಡೋಸ್ ಹೆಚ್ಚಿಸಬೇಕೇ?

ಹೌದು, ಅವತ್ತೇ. ಡಾಕ್ಟರ್ ಸಿಗಲಿ ಎಂದು ಎರಡು ದಿನ ನೋಡುವ ವಿಷಯ ಇದಲ್ಲ. ಆರೋಗ್ಯವಂತರ ಗ್ರಂಥಿ ಜ್ವರ ಬಂದಾಗ ತಾನೇ ಕಾರ್ಟಿಸಾಲ್ ಏರಿಸುತ್ತದೆ, ನಿಮ್ಮದು ಏರಿಸಲಾರದು. ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು, 102.2 ದಾಟಿದರೆ ಮೂರು ಪಟ್ಟು. 10-5-5 ತೆಗೆದುಕೊಳ್ಳುವವರು 20-10-10 ತೆಗೆದುಕೊಳ್ಳಬೇಕು ಎಂದರ್ಥ. ಪ್ರೆಡ್ನಿಸೋಲೋನ್ 5 ಇರುವವರು ಬೆಳಗ್ಗೆ 5, ರಾತ್ರಿ 5. ಫ್ಲುಡ್ರೋಕಾರ್ಟಿಸೋನ್ ಹೆಚ್ಚಿಸಬೇಕಿಲ್ಲ. ಜ್ವರ ಬಿಟ್ಟ ಮೇಲೆ, ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ, ಹಳೇ ಡೋಸಿಗೆ ನೇರವಾಗಿ ಇಳಿಯಿರಿ. ಅಷ್ಟು ಕಡಿಮೆ ದಿನಕ್ಕೆ ಹಂತಹಂತವಾಗಿ ಇಳಿಸುವ ಅಗತ್ಯವಿಲ್ಲ. ಮೂರನೇ ದಿನವೂ ಜ್ವರ ಇಳಿಯದಿದ್ದರೆ ಕಾರಣ ಹುಡುಕಿಸಿ, ಮಳೆಗಾಲದಲ್ಲಿ ಡೆಂಗ್ಯೂ ಪರೀಕ್ಷೆ ಸೇರಿ.

ಜ್ವರವಿಲ್ಲದ ನೆಗಡಿ, ಸ್ವಲ್ಪ ತಲೆನೋವು, ಪರೀಕ್ಷೆಯ ಆತಂಕ, ಮನೆಯ ಜಗಳ ಇವಕ್ಕೆಲ್ಲ ಹೆಚ್ಚಿಸಬೇಡಿ. ಪ್ರತಿ ಸಣ್ಣ ಸುಸ್ತಿಗೂ ಒಂದೊಂದು ಮಾತ್ರೆ ಸೇರಿಸುವ ಚಟ ಬೆಳೆದರೆ, ಮೇಲೆ ಹೇಳಿದ ಊದಿದ ಮುಖ, ಸವೆದ ಮೂಳೆ ನಿಮಗೂ ಬರುತ್ತವೆ. ಹತ್ತಿರದವರ ಸಾವಿನಂಥ ದೊಡ್ಡ ಆಘಾತ ಬೇರೆ ಮಾತು. ಆಗ ಒಂದೆರಡು ದಿನ ಹೆಚ್ಚು ಬೇಕಾಗಬಹುದು, ಮಾತ್ರೆ ನುಂಗುವುದನ್ನೇ ಮರೆಯುವ ದಿನಗಳೂ ಅವೇ.

ವಾಂತಿ, ಭೇದಿ ಆದರೆ?

ಈ ಕಾಯಿಲೆಯಲ್ಲಿ ಜೀವಕ್ಕೆ ಎರವಾಗುವುದು ಹೆಚ್ಚಾಗಿ ಇದೇ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದೇ ಹೊತ್ತಿಗೆ ದೇಹಕ್ಕೆ ಹೆಚ್ಚು ಬೇಕು, ನೀರು ಉಪ್ಪು ಎರಡೂ ಹೋಗುತ್ತಿರುತ್ತವೆ. ಮೂರೂ ಒಟ್ಟಿಗೆ ಸೇರಿದರೆ ಕೆಲವೇ ಗಂಟೆಗಳಲ್ಲಿ ಬಿಪಿ ಬೀಳುತ್ತದೆ.

ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸ್ ಮತ್ತೊಮ್ಮೆ ನುಂಗಿ. ಅದೂ ಹೊರಬಂದರೆ ಮೂರನೇ ಸಲ ಪ್ರಯತ್ನಿಸಬೇಡಿ, ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಹಾಕಿ ಆಸ್ಪತ್ರೆಗೆ ಹೊರಡಿ. ಭೇದಿ ನಿಲ್ಲದೆ ಹೋಗುತ್ತಿದ್ದರೂ ಹಾಗೆಯೇ, ಮಾತ್ರೆ ಕರಗುವ ಮೊದಲೇ ಜಾರಿಹೋಗಿರುತ್ತದೆ. ಗುರುತಿಸಬೇಕಾದ ಲಕ್ಷಣಗಳು: ಎದ್ದು ನಿಲ್ಲಲಾಗದ ತಲೆಸುತ್ತು, ಹೊಟ್ಟೆ ಮತ್ತು ಸೊಂಟದ ನೋವು, ತಣ್ಣನೆಯ ಬೆವರು, ತೊದಲು ಮಾತು, ಮಂಪರು. ಮಂಪರಿಗೆ ಹೋದವರು "ನಾನು ಚೆನ್ನಾಗಿದ್ದೀನಿ, ಮಲಗಿಕೊಳ್ತೀನಿ" ಎನ್ನುತ್ತಾರೆ. ಆ ಹೊತ್ತಿನಲ್ಲಿ ತೀರ್ಮಾನ ಮಾಡಬೇಕಾದವರು ಮನೆಯವರು, ರೋಗಿಯಲ್ಲ.

ಇಲ್ಲಿ ನಮ್ಮ ಕಡೆ ಆಗುವ ಎರಡು ತಪ್ಪುಗಳನ್ನು ಹೇಳಲೇಬೇಕು. ವಾಂತಿ ಭೇದಿ ಎಂದರೆ ಮೊದಲು ಕೈಗೆ ಬರುವುದು ಎಳನೀರು, ಮದ್ದೂರು ಸೀಮೆಯಲ್ಲಂತೂ ಕೇಳುವುದೇ ಬೇಡ. ಬೇರೆಯವರಿಗೆ ಒಳ್ಳೆಯದೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಪ್ರೈಮರಿ ಕೊರತೆಯಲ್ಲಿ ವಾಂತಿ ಭೇದಿಯಾಗುವಾಗ ಬೀಳುತ್ತಿರುವುದು ಸೋಡಿಯಂ, ಏರುತ್ತಿರುವುದು ಪೊಟ್ಯಾಸಿಯಂ, ಅಂದರೆ ಬೇಕಾದ್ದಕ್ಕೆ ತದ್ವಿರುದ್ಧ. ಪೊಟ್ಯಾಸಿಯಂ ತೀರಾ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಆ ಹೊತ್ತಿಗೆ ಓಆರ್‌ಎಸ್ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೆ ಕಲಸಿದ್ದು, ಉಪ್ಪು ಹಾಕಿದ ಗಂಜಿ, ಉಪ್ಪು ಮಜ್ಜಿಗೆ ಸರಿ. ಹುಷಾರಾಗಿರುವ ದಿನ ಒಂದು ಎಳನೀರು ಕುಡಿದರೆ ಅಡ್ಡಿಯಿಲ್ಲ.

ಎರಡನೆಯದು "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬಾ". ಉಪ್ಪಿಲ್ಲದ ಬರೀ ಗ್ಲೂಕೋಸ್ ಡ್ರಿಪ್ ಬಿದ್ದ ಸೋಡಿಯಂ ಅನ್ನು ಇನ್ನೂ ತೆಳುವಾಗಿಸುತ್ತದೆ. ಬೇಕಾದ್ದು 0.9 ಪರ್ಸೆಂಟ್ ನಾರ್ಮಲ್ ಸಲೈನ್, ದೊಡ್ಡವರಿಗೆ ಮೊದಲ ಗಂಟೆಯಲ್ಲಿ ಒಂದು ಲೀಟರ್. ಸಕ್ಕರೆ ಇಳಿದಿದ್ದರೆ ಗ್ಲೂಕೋಸ್ ಜೊತೆಗೆ ಸೇರಿಸುತ್ತಾರೆ. ಡ್ರಿಪ್ ಯಾವುದೇ ಇರಲಿ, ಹೈಡ್ರೋಕಾರ್ಟಿಸೋನ್ ಇಲ್ಲದೆ ಬಿಪಿ ನಿಲ್ಲುವುದಿಲ್ಲ.

ಇಂಜೆಕ್ಷನ್ ಮನೆಯಲ್ಲಿ ಹಾಕಬಹುದೇ? ನರ್ಸ್ ಯಾರೂ ಇಲ್ಲ.

ಹಾಕಬಹುದು, ಹಾಕಲು ಕಲಿಯಲೇಬೇಕು. ನಾಗಮಂಗಲ, ಕೆ.ಆರ್. ಪೇಟೆ, ಎಚ್.ಡಿ. ಕೋಟೆಯ ಒಳಗಿನ ಹಳ್ಳಿಗಳಿಂದ ರಾತ್ರಿ ಹೊತ್ತು ಆಸ್ಪತ್ರೆ ಮುಟ್ಟುವುದಕ್ಕೆ ಗಂಟೆಯಾದರೂ ಬೇಕು. ಇನ್ಸುಲಿನ್ ಹಾಕಲು ಕಲಿತವರಿಗೆ ಇದು ಕಷ್ಟವಲ್ಲ.

ಕಿಟ್ಟಿನಲ್ಲಿ ಇರಬೇಕಾದ್ದು: ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ 100 ಮಿಲಿಗ್ರಾಂ ಪುಡಿಯ ಎರಡು ವಯಲ್, ಸ್ಟೆರೈಲ್ ವಾಟರ್ ಆಂಪ್ಯೂಲ್ ಎರಡು, 2 ಅಥವಾ 3 ಎಂಎಲ್ ಸಿರಿಂಜು ಮೂರು, 23 ಗೇಜ್ ಸೂಜಿ, ಸ್ಪಿರಿಟ್ ಹತ್ತಿ, ಡಾಕ್ಟರ್ ಚೀಟಿಯ ಜೆರಾಕ್ಸ್. ಅಂಗಡಿಯವರು ಹೈಡ್ರೋಕಾರ್ಟಿಸೋನ್ ಅಸಿಟೇಟ್ ಕೊಟ್ಟರೆ ವಾಪಸ್ ಕೊಡಿ. ಅದು ಕೀಲಿಗೆ ಹಾಕುವ ಮಂದದ್ದು, ನಿಧಾನವಾಗಿ ಕರಗುತ್ತದೆ, ತುರ್ತಿಗೆ ಬರುವುದಿಲ್ಲ.

1. ಆಂಪ್ಯೂಲ್ ಕತ್ತು ಮುರಿದು 2 ಎಂಎಲ್ ನೀರು ಸಿರಿಂಜಿಗೆ ಎಳೆಯಿರಿ.
2. ವಯಲ್‌ನ ಮುಚ್ಚಳ ಕಿತ್ತು, ರಬ್ಬರನ್ನು ಸ್ಪಿರಿಟ್‌ನಲ್ಲಿ ಒರೆಸಿ, ನೀರನ್ನು ಒಳಗೆ ಬಿಡಿ. ಪುಡಿ ಪೂರ್ತಿ ಕರಗಿ ತಿಳಿಯಾಗುವವರೆಗೆ ಅಲ್ಲಾಡಿಸಿ.
3. ವಯಲ್ ತಲೆಕೆಳಗು ಮಾಡಿ ಎಲ್ಲವನ್ನೂ ಎಳೆಯಿರಿ. ಸೂಜಿ ಬದಲಿಸಿ, ಗಾಳಿ ಹೊರಗೆ ತಳ್ಳಿ.
4. ತೊಡೆಯ ಹೊರಬದಿ, ಸೊಂಟಕ್ಕೂ ಮಂಡಿಗೂ ನಡುವಿನ ಜಾಗ. ನೇರವಾಗಿ, ಓರೆಯಿಲ್ಲದೆ ಚುಚ್ಚಿ. ಆತುರವಿದ್ದರೆ ತೆಳುಬಟ್ಟೆಯ ಮೇಲಿಂದಲೂ ಆಗುತ್ತದೆ.
5. ನಿಧಾನವಾಗಿ ಪೂರ್ತಿ ತಳ್ಳಿ, ಸೂಜಿ ತೆಗೆದು ಹತ್ತಿ ಒತ್ತಿ. ಹಾಕಿದ ಗಂಟೆಯನ್ನು ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ ಅಥವಾ ಗಾಡಿ ಹತ್ತಿಸಿ.

ಮಕ್ಕಳಿಗೆ ಒಂದು ವರ್ಷದೊಳಗೆ 25, ಒಂದರಿಂದ ಐದು ವರ್ಷಕ್ಕೆ 50, ಆರು ವರ್ಷದಿಂದ ಮೇಲೆ 100 ಮಿಲಿಗ್ರಾಂ. ಅನವಶ್ಯಕವಾಗಿ ಒಂದು ಸಲ ಹಾಕಿದರೆ ತೊಂದರೆಯಿಲ್ಲ, ಹಾಕಬೇಕಾದಾಗ ಹಾಕದಿದ್ದರೆ ಜೀವ ಹೋಗಬಹುದು. ಅನುಮಾನ ಬಂದರೆ ಹಾಕಿ. ಇಂಜೆಕ್ಷನ್ ನಂತರ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ, ಅದರ ಕೆಲಸ ಕೆಲವೇ ಗಂಟೆ.

ಪುಡಿಯನ್ನು ತಂಪಾದ, ಬಿಸಿಲು ಬೀಳದ ಜಾಗದಲ್ಲಿಡಿ. ಸ್ಕೂಟರಿನ ಸೀಟಿನಡಿ ಬೇಡ. ಎಕ್ಸ್‌ಪೈರಿ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಕ್ಸ್‌ಪೈರಿ ಆದ ವಯಲ್ ಎಸೆಯುವ ಮೊದಲು ಅದನ್ನೇ ಕರಗಿಸಿ, ಒಂದು ಕಿತ್ತಳೆ ಹಣ್ಣಿಗೆ ಚುಚ್ಚಿ ಮನೆಯವರೆಲ್ಲ ಅಭ್ಯಾಸ ಮಾಡಿ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಿಗೆ ಏನು ಹೇಳಬೇಕು?

"ಸುಸ್ತು, ವಾಂತಿ" ಎಂದರೆ ಸಾಲಿನಲ್ಲಿ ಕೂರಿಸುತ್ತಾರೆ. ಮೊದಲ ವಾಕ್ಯದಲ್ಲೇ ಕಾಯಿಲೆಯ ಹೆಸರು ಬರಬೇಕು. ಪರ್ಸಿನಲ್ಲಿ, ಮೊಬೈಲ್ ಕವರಿನ ಹಿಂದೆ ಇಟ್ಟುಕೊಳ್ಳಲು ಒಂದು ಕಾರ್ಡ್ ಬರೆದಿಡಿ:

"ನನಗೆ ಅಡ್ರಿನಲ್ ಇನ್‌ಸಫಿಷಿಯೆನ್ಸಿ ಇದೆ. ಪ್ರತಿದಿನ ಸ್ಟೀರಾಯ್ಡ್ ತೆಗೆದುಕೊಳ್ಳುತ್ತೇನೆ, ನಿಲ್ಲಿಸುವಂತಿಲ್ಲ. ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು, ದೊಡ್ಡ ಗಾಯ ಇದ್ದರೆ ತಕ್ಷಣ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ರಕ್ತನಾಳಕ್ಕೆ ಅಥವಾ ಮಾಂಸಖಂಡಕ್ಕೆ ಕೊಡಿ. ನಾರ್ಮಲ್ ಸಲೈನ್ ಒಂದು ಲೀಟರ್ ಮೊದಲ ಗಂಟೆಯಲ್ಲಿ. ನಂತರ 24 ಗಂಟೆಗೆ 200 ಮಿಲಿಗ್ರಾಂ, ಅಥವಾ ಆರು ಗಂಟೆಗೊಮ್ಮೆ 50."

ಕೆಳಗೆ ಹೆಸರು, ಮನೆಯವರ ನಂಬರು, ನೋಡುವ ಡಾಕ್ಟರ ನಂಬರು, ಈಗಿನ ಡೋಸ್. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಇರಲಿ, ಡಾಕ್ಟರ ಸಹಿ, ಸೀಲು ಇದ್ದರೆ ವಾದವೇ ಬರುವುದಿಲ್ಲ. ಅಲರ್ಜಿಗೂ ಉಬ್ಬಸಕ್ಕೂ ಇದೇ ಇಂಜೆಕ್ಷನ್ ಬಳಸುವುದರಿಂದ ಸಣ್ಣ ಆಸ್ಪತ್ರೆಗಳಲ್ಲೂ ಸಾಮಾನ್ಯವಾಗಿ ಇರುತ್ತದೆ. ಮೊದಲ ಇಂಜೆಕ್ಷನ್ ಹತ್ತಿರದಲ್ಲೇ ಹಾಕಿಸಿಕೊಂಡು, ಆಮೇಲೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೊರಡಿ. ಇಂಜೆಕ್ಷನ್ ಇಲ್ಲದೆ ದೂರದ ದೊಡ್ಡ ಆಸ್ಪತ್ರೆಗೆ ಓಡುವುದರಲ್ಲಿ ಅರ್ಥವಿಲ್ಲ.

ಹಲ್ಲು ಕೀಳಿಸಬೇಕು. ಆಪರೇಷನ್ ಇದೆ.

ಹುಳುಕು ತುಂಬಿಸುವುದಕ್ಕೆ ಏನೂ ಬೇಡ. ಹಲ್ಲು ಕೀಳಿಸುವುದಾದರೆ ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಒಂದು ಗಂಟೆ ಮೊದಲು ಒಂದು ಡೋಸ್ ಹೆಚ್ಚು, ಆ 24 ಗಂಟೆ ಎರಡು ಪಟ್ಟು. ಅರಿವಳಿಕೆ ಕೊಡುವ ಆಪರೇಷನ್ ಯಾವುದೇ ಇರಲಿ, ಶುರುವಿನಲ್ಲಿ 100 ಮಿಲಿಗ್ರಾಂ, ನಂತರ ದಿನಕ್ಕೆ 200 ಡ್ರಿಪ್ಪಿನಲ್ಲಿ, ಊಟ ಶುರುವಾದ ಮೇಲೆ ಎರಡು ದಿನದಿಂದ ಒಂದು ವಾರ ಎರಡು ಪಟ್ಟು ಮಾತ್ರೆ. ಅರಿವಳಿಕೆ ತಜ್ಞರಿಗೆ ನೀವೇ ನೇರವಾಗಿ ಹೇಳಿ. ಸರ್ಜನ್ ಹೇಳಿರುತ್ತಾರೆ ಎಂದುಕೊಳ್ಳಬೇಡಿ. ಕರುಳಿನ ಕೊಲೊನೋಸ್ಕೋಪಿಗೆ ಭೇದಿ ಔಷಧಿ ಕುಡಿಸುವುದು ಸಣ್ಣ ವಿಷಯವಲ್ಲ, ಹಿಂದಿನ ದಿನವೇ ಅಡ್ಮಿಟ್ ಮಾಡಿಕೊಳ್ಳಲು ಕೇಳಿ.

ಊಟದಲ್ಲಿ ಪಥ್ಯ ಇದೆಯೇ? ಬಿಪಿ ಎಂದು ಉಪ್ಪು ಕಡಿಮೆ ಮಾಡಬೇಕೇ?

ಮುದ್ದೆ, ಸಾರು, ಅನ್ನ, ಮೊಸರು ಎಲ್ಲ ಮಾಮೂಲಿ. ಪ್ರೈಮರಿಯವರು ಉಪ್ಪನ್ನು ಕಡಿಮೆ ಮಾಡಬಾರದು, ನಾಲಿಗೆ ಕೇಳಿದಷ್ಟು ಹಾಕಿಕೊಳ್ಳಿ. ಬಿಪಿಯವರಿಗೆಂದು ಮಾರುವ "ಲೋ ಸೋಡಿಯಂ" ಉಪ್ಪು ಬೇಡವೇ ಬೇಡ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಬೇಸಿಗೆಯಲ್ಲಿ ಗದ್ದೆ ಕೆಲಸ, ಕಬ್ಬು ಕಡಿಯುವುದು, ಒಲೆ ಮುಂದೆ ನಿಂತು ಅಡುಗೆ ಮಾಡುವ ಕೆಲಸ ಇದ್ದರೆ ಬೆವರಿನ ಜೊತೆ ಉಪ್ಪು ಹೋಗುತ್ತದೆ. ಉಪ್ಪು ಮಜ್ಜಿಗೆ, ಉಪ್ಪಿನಕಾಯಿ ಜೊತೆಗಿರಲಿ. ಮಾರ್ಚ್, ಏಪ್ರಿಲ್‌ನಲ್ಲಿ ತಲೆಸುತ್ತು ಹೆಚ್ಚಾದರೆ ಡಾಕ್ಟರ್ ಫ್ಲುಡ್ರೋಕಾರ್ಟಿಸೋನ್ ಸ್ವಲ್ಪ ಏರಿಸುತ್ತಾರೆ. ಕ್ಯಾಲ್ಸಿಯಂ ಸಿಗಲು ರಾಗಿ, ಹಾಲು ಸಾಕಷ್ಟಿರಲಿ.

ಉಪವಾಸ ಮಾಡಬಹುದೇ? ಬೆಟ್ಟ ಹತ್ತಬಹುದೇ?

ಏಕಾದಶಿಗೆ ಅನ್ನ ಬಿಟ್ಟು ಫಲಾಹಾರ ಮಾಡುವುದಕ್ಕೆ ತೊಂದರೆಯಿಲ್ಲ, ಮಾತ್ರೆ, ನೀರು, ಉಪ್ಪು ಬಿಡದಿದ್ದರೆ. ನಿರ್ಜಲ ಉಪವಾಸ ಬೇಡ. ರಂಜಾನ್ ಉಪವಾಸ ಪ್ರೈಮರಿಯವರಿಗೆ ಅಪಾಯ. ಹಿಡಿಯಲೇಬೇಕೆಂದರೆ ತಿಂಗಳು ಮೊದಲೇ ಡಾಕ್ಟರ ಹತ್ತಿರ ಮಾತ್ರೆ ಬದಲಿಸುವ ಬಗ್ಗೆ ಮಾತನಾಡಿ, ತಲೆಸುತ್ತು ಬಂದ ದಿನ ಉಪವಾಸ ಮುರಿಯಿರಿ. ಶಿವರಾತ್ರಿಯ ಜಾಗರಣೆಗೆ, ಎಂದಿನ ಸಂಜೆ ಡೋಸಿನ ಮೇಲೆ ತಡರಾತ್ರಿ ಒಂದು ಸಣ್ಣ ಡೋಸ್ ಬೇಕಾಗಬಹುದು.

ಚಾಮುಂಡಿ ಬೆಟ್ಟದ ಮೆಟ್ಟಿಲು ದಿನವೂ ಹತ್ತಿ ಅಭ್ಯಾಸವಿರುವವರಿಗೆ ಏನೂ ಹೆಚ್ಚು ಬೇಡ. ವರ್ಷಕ್ಕೊಮ್ಮೆ ಹತ್ತುವವರು, ಅರ್ಧ ದಿನ ನಡೆಯುವವರು ಹೊರಡುವ ಮೊದಲು ಹೈಡ್ರೋಕಾರ್ಟಿಸೋನ್ 5 ಮಿಲಿಗ್ರಾಂ ಹೆಚ್ಚು ತೆಗೆದುಕೊಳ್ಳಬಹುದು. ದಸರೆ, ವೈರಮುಡಿಯ ಜನಜಂಗುಳಿಯಲ್ಲಿ ಕಿಟ್ಟು ಮನೆಯಲ್ಲಿದ್ದರೆ ಉಪಯೋಗವಿಲ್ಲ, ಮೈಮೇಲಿನ ಚೀಲದಲ್ಲಿರಬೇಕು.

ಬೇರೆ ಔಷಧಿಗಳ ಜೊತೆ ತೊಂದರೆ ಇದೆಯೇ?

ಟಿಬಿಯ ರಿಫಾಂಪಿಸಿನ್ ಅತಿ ಮುಖ್ಯ. ಮೂತ್ರ ಕೆಂಪು ಕಿತ್ತಳೆ ಮಾಡುವ ಮಾತ್ರೆ ಅದು. ಲಿವರ್ ಸ್ಟೀರಾಯ್ಡನ್ನು ಬಹಳ ಬೇಗ ಒಡೆಯುವಂತೆ ಮಾಡುವುದರಿಂದ ಎಂದಿನ ಡೋಸ್ ಸಾಲುವುದಿಲ್ಲ, ಸುಮಾರು ಎರಡು ಪಟ್ಟು ಬೇಕಾಗಬಹುದು. ಟಿಬಿ ಮಾತ್ರೆ ಶುರುವಾದ ಮೇಲೆ ಸುಸ್ತು, ವಾಂತಿ ಹೆಚ್ಚಾದರೆ ಎಲ್ಲರೂ ಟಿಬಿ ಮಾತ್ರೆಯ ಕಾವು ಎನ್ನುತ್ತಾರೆ. ಕಾರ್ಟಿಸಾಲ್ ಕಡಿಮೆಯಾಗಿರಬಹುದು. ಫಿಟ್ಸಿನ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಕೂಡ ಇದೇ ದಾರಿಯವು. ಇಟ್ರಾಕೊನಜೋಲ್ ತದ್ವಿರುದ್ಧ, ಸ್ಟೀರಾಯ್ಡ್ ದೇಹದಲ್ಲಿ ಉಳಿಯುವಂತೆ ಮಾಡುತ್ತದೆ.

ಥೈರಾಯ್ಡ್ ಕೊರತೆಯೂ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಹಿಂದುಮುಂದಾದರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ಬಿಪಿ ಕುಸಿಯುತ್ತದೆ. ಕೆಮ್ಮಿಗೆ ಅಗಿಯುವ ಅತಿಮಧುರ ಆಗೊಮ್ಮೆ ಈಗೊಮ್ಮೆ ಪರವಾಗಿಲ್ಲ. ದಿನವೂ ಕಷಾಯವಾಗಿ ಕುಡಿದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ.

ಗರ್ಭಿಣಿಯಾದರೆ ಮಾತ್ರೆ ಬಿಡಬೇಕೇ?

ಬಿಡಬಾರದು. ಬಿಟ್ಟರೆ ತಾಯಿ, ಮಗು ಇಬ್ಬರಿಗೂ ಅಪಾಯ. ಕೊನೆಯ ಮೂರು ತಿಂಗಳಲ್ಲಿ ಹೈಡ್ರೋಕಾರ್ಟಿಸೋನ್ 20ರಿಂದ 40 ಪರ್ಸೆಂಟ್ ಹೆಚ್ಚಿಸಬೇಕಾಗುವುದುಂಟು. ಮೊದಲ ತಿಂಗಳುಗಳ ವಾಂತಿಯನ್ನು "ಬಸಿರಿಗೆ ಮಾಮೂಲಿ" ಎಂದು ಬಿಡದೆ ಮೇಲೆ ಹೇಳಿದ ವಾಂತಿಯ ನಿಯಮವನ್ನೇ ಪಾಲಿಸಿ. ಹೆರಿಗೆ ನೋವು ಶುರುವಾದಾಗ 100 ಮಿಲಿಗ್ರಾಂ ಇಂಜೆಕ್ಷನ್, ನಂತರ ಡ್ರಿಪ್ಪಿನಲ್ಲಿ. ತವರಿಗೆ ಹೋಗುವವರು ಕಾರ್ಡು, ಕಿಟ್ಟು ಜೊತೆಗೆ ಒಯ್ಯಿರಿ, ಅಲ್ಲಿನ ಹೆರಿಗೆ ಡಾಕ್ಟರಿಗೆ ಏಳನೇ ತಿಂಗಳಲ್ಲೇ ತೋರಿಸಿ.

ಉಬ್ಬಸಕ್ಕೆ, ಮಂಡಿನೋವಿಗೆ ವರ್ಷಗಟ್ಟಲೆ ಮಾತ್ರೆ ತಿಂದೆ. ನಿಲ್ಲಿಸಿದೊಡನೆ ನೆಲ ಹಿಡಿದೆ. ಯಾಕೆ?

ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ, ಎರಡೇ ದಿನದಲ್ಲಿ ಮಂಡಿನೋವು ಮಾಯ ಮಾಡುವ ಪುಡಿ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸ ಸುದ್ದಿಯಲ್ಲ. ಹೊರಗಿನಿಂದ ಹೇರಳವಾಗಿ ಬರುವಾಗ ಪಿಟ್ಯುಟರಿ ಸಂದೇಶ ಕಳಿಸುವುದನ್ನು ನಿಲ್ಲಿಸುತ್ತದೆ, ಗ್ರಂಥಿ ಸೊರಗುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಬಾರದು. ಪೊಟ್ಟಣ ಉಳಿದಿದ್ದರೆ ಅದನ್ನೇ ಡಾಕ್ಟರಿಗೆ ತೋರಿಸಿ, ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ.

ಪ್ರೆಡ್ನಿಸೋಲೋನ್ ಲೆಕ್ಕದಲ್ಲಿ 5 ಮಿಲಿಗ್ರಾಂ ಸುಮಾರಿಗೆ ಇಳಿಸಿದ ಮೇಲೆ ಬಹಳ ನಿಧಾನ, ತಿಂಗಳಿಗೆ 1 ಮಿಲಿಗ್ರಾಂನಂತೆ ಇಳಿಸುತ್ತಾರೆ. ಇಲ್ಲವೇ ಹಿಂದಿನ ದಿನದ ಬೆಳಗ್ಗೆಯ ನಂತರ ಮಾತ್ರೆ ನುಂಗದೆ ಬೆಳಗಿನ ಕಾರ್ಟಿಸಾಲ್ ನೋಡುತ್ತಾರೆ. ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಗ್ರಂಥಿ ಎದ್ದಿದೆ, ನಿಲ್ಲಿಸಬಹುದು. 5ರಿಂದ 10 ಇದ್ದರೆ ಮುಂದುವರಿಸಿ ಮತ್ತೆ ನೋಡಬೇಕು. 5ಕ್ಕಿಂತ ಕೆಳಗಿದ್ದರೆ ಮಾತ್ರೆ ಬಿಡದೆ ಕೆಲವು ತಿಂಗಳು ಕಾಯಬೇಕು. ಇಳಿಸುವಾಗ ಬರುವ ಮೈಕೈ ನೋವು, ಬೇಸರ ಕೆಲವು ವಾರ ಇರುತ್ತದೆ. ಆ ಅವಧಿಯಲ್ಲಿ ಜ್ವರ, ವಾಂತಿಯ ನಿಯಮಗಳೆಲ್ಲ ನಿಮಗೂ ಅನ್ವಯ. ಹೆಚ್ಚಿನವರಲ್ಲಿ ಗ್ರಂಥಿ ಮರಳಿ ಏಳುತ್ತದೆ.

ಡೋಸ್ ಸರಿ ಇದೆಯೇ ಎಂದು ಹೇಗೆ ತಿಳಿಯುವುದು? ತಿಂಗಳಿಗೊಮ್ಮೆ ಕಾರ್ಟಿಸಾಲ್ ಮಾಡಿಸಬೇಕೇ?

ಬೇಡ, ದುಡ್ಡು ದಂಡ. ಮಾತ್ರೆ ನುಂಗಿದ ಮೇಲೆ ಅದು ಏರುತ್ತದೆ, ಕೆಲವು ಗಂಟೆಗೆ ಇಳಿಯುತ್ತದೆ. ಪ್ರೆಡ್ನಿಸೋಲೋನ್ ಕೆಲವು ಯಂತ್ರಗಳಲ್ಲಿ ಕಾರ್ಟಿಸಾಲ್ ಎಂದೇ ಅಳತೆಯಾಗುತ್ತದೆ. ನೋಡಬೇಕಾದ್ದು ತೂಕ, ಮಲಗಿದ್ದಾಗ ಮತ್ತು ನಿಂತ ಮೇಲಿನ ಬಿಪಿ, ಸೋಡಿಯಂ, ಪೊಟ್ಯಾಸಿಯಂ, ದಿನದ ಯಾವ ಹೊತ್ತಿನಲ್ಲಿ ಸುಸ್ತು ಬರುತ್ತದೆ ಎಂಬುದು. ನಿಂತಾಗ ಬಿಪಿ ಮೇಲಿನ ಸಂಖ್ಯೆ 20 ಇಳಿದರೆ, ಪೊಟ್ಯಾಸಿಯಂ ಏರಿದ್ದರೆ ಫ್ಲುಡ್ರೋಕಾರ್ಟಿಸೋನ್ ಸಾಲದು. ಕಾಲು ಊತ, ಬಿಪಿ ಏರಿಕೆ ಇದ್ದರೆ ಹೆಚ್ಚಾಗಿದೆ. ಹೊಟ್ಟೆ ಸುತ್ತ ಬೊಜ್ಜು, ಮೈ ಮೇಲೆ ಸುಲಭವಾಗಿ ನೀಲಿ ಕಲೆ, ಸಕ್ಕರೆ ಏರುವುದು ಹೈಡ್ರೋಕಾರ್ಟಿಸೋನ್ ಹೆಚ್ಚಾದ ಗುರುತು.

ಮೆಡಿಕಲ್ ಸ್ಟೋರಿನಲ್ಲಿ ಸ್ಟಾಕ್ ಇಲ್ಲ ಎನ್ನುತ್ತಾರೆ. ಏನು ಮಾಡಲಿ?

ಒಂದು ತಿಂಗಳ ಮಾತ್ರೆ ಯಾವಾಗಲೂ ಹೆಚ್ಚುವರಿಯಾಗಿ ಇರಲಿ. ಕೊನೆಯ ಪಟ್ಟಿ ಒಡೆಯುವ ದಿನ ಹುಡುಕಲು ಹೊರಡಬೇಡಿ. ಹೈಡ್ರೋಕಾರ್ಟಿಸೋನ್ ಎಲ್ಲೂ ಸಿಗದಿದ್ದರೆ ಲೆಕ್ಕ ಹೀಗೆ: 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್‌ಗೆ 5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಅಥವಾ 4 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್ ಸಮ. ಡಾಕ್ಟರಿಗೆ ಫೋನ್ ಮಾಡಿ ಬದಲಿಸಿಕೊಳ್ಳಿ. ಫೋನ್ ಸಿಗದಿದ್ದರೆ ಮಾತ್ರೆಯಿಲ್ಲದೆ ಒಂದು ದಿನ ಇರುವುದಕ್ಕಿಂತ ಈ ಲೆಕ್ಕದ ಪ್ರೆಡ್ನಿಸೋಲೋನ್ ನುಂಗುವುದು ಮೇಲು. ಡೆಕ್ಸಾಮೆಥಾಸೋನ್‌ಗೆ ಉಪ್ಪು ಹಿಡಿಯುವ ಗುಣವೇ ಇಲ್ಲ, ಪ್ರೈಮರಿಯವರಿಗೆ ಅದು ಕೊನೆಯ ಆಯ್ಕೆ. ಫ್ಲುಡ್ರೋಕಾರ್ಟಿಸೋನ್ ಸಣ್ಣ ಊರುಗಳಲ್ಲಿ ಇಡುವುದಿಲ್ಲ, ಮೈಸೂರಿನ ದೊಡ್ಡ ಆಸ್ಪತ್ರೆಗಳ ಮುಂದಿನ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ಹೆಸರು ಕೊಟ್ಟು ತರಿಸಿ. ಬರುವವರೆಗೆ ಉಪ್ಪು ಹೆಚ್ಚಿಸಿ, ಹೈಡ್ರೋಕಾರ್ಟಿಸೋನ್ ಬಿಡದೆ ಮುಂದುವರಿಸಿ, ಎದ್ದಾಗ ತಲೆ ಸುತ್ತಿದರೆ ಸೋಡಿಯಂ, ಪೊಟ್ಯಾಸಿಯಂ ಅದೇ ದಿನ ನೋಡಿಸಿ.